ದುಬಾರೆಗೆ ಬರುವವರಿಗೆ ಒಂದು ಮಾತು

ಸಂಪಾದಕರೇ,

ಮೊನ್ನೆ ತಂಗಿಯ ಮಕ್ಕಳ ಜೊತೆ ದುಬಾರೆ ಆನೆ ಶಿಬಿರಕ್ಕೆ ಹೋಗಿದ್ದೆ. ಕಾವೇರಿಯಲ್ಲಿ ಆನೆಗಳಿಗೆ ಸ್ನಾನ ನಡೆದಿತ್ತು. ಮಾವುತರೊಬ್ಬರು ಕಿವಿ ಹಿಂದೆ ಕೈಯಾಡಿಸಿ, ಉಗುರು ಸಂದಿಯ ಮಣ್ಣು ಕೆರೆದು, ಗಾಯ ಇದೆಯಾ ಅಂತ ನೋಡುತ್ತಿದ್ದರು. ಅದನ್ನು ಗಮನಿಸಿದವರು ಕಡಿಮೆ, ಸೆಲ್ಫಿಗೆ ನುಗ್ಗಿದವರೇ ಜಾಸ್ತಿ. ಒಬ್ಬ ಹುಡುಗ ಶಿಳ್ಳೆ ಹೊಡೆದರೆ ಅವನಪ್ಪ ನಗುತ್ತಿದ್ದ!

ಇಲ್ಲಿನ ಎಷ್ಟೋ ಆನೆಗಳು ಕಾಫಿ ತೋಟಗಳಿಗೆ ನುಗ್ಗಿ ಸೆರೆ ಸಿಕ್ಕವು. ಆನೆ ಪಳಗಿಸಲು ಮರದ ದಿಮ್ಮಿಗಳಿಂದ ಕಟ್ಟುವ ದೊಡ್ಡಿಯಲ್ಲಿ (ಕ್ರಾಲ್) ನಿಂತು ಪಳಗಿದವು. ಬಾಳೆ, ಬೇಲಿ ಎರಡನ್ನೂ ಕಳೆದುಕೊಂಡ ತೋಟದವನು ನಾನು, ಆನೆ ಅಂದರೆ ಸುಮ್ನೆ ಮುದ್ದು ಬರುವುದಿಲ್ಲ. ಆದರೂ ಕಾಡು ಬಿಟ್ಟು ಬಂದ ಪ್ರಾಣಿಗೆ ಸ್ನಾನದ ಹೊತ್ತಾದರೂ ನೆಮ್ಮದಿ ಬೇಕು, ಅಲ್ವಾ? ನದಿ ದಾಟುವ ಮೊದಲೇ ಪ್ರವಾಸಿಗರಿಗೆ ಇದನ್ನೆಲ್ಲ ಹೇಳುವ ವ್ಯವಸ್ಥೆ ಆಗಲಿ.

– ಒಬ್ಬ ಬೆಳೆಗಾರ, ಸಿದ್ದಾಪುರ, ಕೊಡಗು