ಇನ್ಮುಂದ ಫೋಟೋದ ಲಿಂಕ್ ಮೇಲ್‌ನ್ಯಾಗ ಬರಂಗಿಲ್ಲ, ಯಾಕಂತ ಓದ್ರಿ

ನಮ್ಮ ಸ್ಟುಡಿಯೋದ ಎಲ್ಲಾ ಗಿರಾಕಿ ಮಂದಿಗೆ ನಮಸ್ಕಾರ್ರಿ.

ಮೊದ್ಲು ವಿಷಯ ಹೇಳಿಬಿಡ್ತೇವಿ. ತುಳಸಿ ಲಗ್ನ ಮುಗದ ಮ್ಯಾಲ ಶುರು ಆಗೋ ಸೀಸನ್‌ನಿಂದ ನಮ್ಮ ಕಡೆಯಿಂದ ಬರೋ ಯಾವ ಮೇಲ್‌ನ್ಯಾಗೂ ಲಿಂಕ್ ಇರಂಗಿಲ್ಲ. ಲಗ್ನ ಇರ್ಲಿ, ಸೀಮಂತ ಇರ್ಲಿ, ಲಕ್ಕುಂಡಿ ಕಪ್ಪತಗುಡ್ಡದ ಕಡೆ ಹೋಗಿ ತೆಗದ ಪ್ರಿ-ವೆಡ್ಡಿಂಗ್ ಇರ್ಲಿ, "ಫೋಟೋ ರೆಡಿ ಆಗ್ಯಾವು" ಅಂತ ಒಂದು ಸಾಲು ಬರತೈತಿ, ಅಷ್ಟ. ನಮ್ಮ ಹೆಸರ್ಲೇ ಲಿಂಕ್ ಇರೋ ಮೇಲ್ ಬಂತಂದ್ರ ಅದು ನಮ್ಮದಲ್ರಿ, ಅದನ್ನ ತೆಗಿಯಾಕ ಹೋಗಬ್ಯಾಡ್ರಿ.

ಯಾಕ ಅಂದ್ರ, ಈಗೀಗ "ನಿಮ್ಮ ಕ್ಲೌಡ್ ಸ್ಟೋರೇಜ್ ಫುಲ್ ಆಗೇತಿ, ಇವತ್ತ ರೊಕ್ಕ ಕಟ್ಟದಿದ್ರ ಫೋಟೋ ವಿಡಿಯೋ ಎಲ್ಲಾ ಡಿಲೀಟ್" ಅನ್ನೋ ಮೇಲ್ ಬಾಳ ಮಂದಿಗೆ ಬರಾಕತ್ತಾವು. ಬೆಟಗೇರಿ ಕಡೆಯವ್ರೊಬ್ರು ಹಿರಿಯರು ಗಾಬರಿ ಆಗಿ ಸೀದಾ ಕೌಂಟರಿಗೆ ಬಂದ್ರು, "ಅಲ್ರೀ, ಮಗಳ ಲಗ್ನದ ಫೋಟೋ ಅಳಿಸ್ತೀರಂತ ಬರದೀರಲ್ಲ" ಅಂತ. ಮೊಬೈಲ್ ಇಸ್ಕೊಂಡು ನೋಡಿದ್ರ ಅದರಾಗ ಲಗ್ನದ ಸುದ್ದಿನ ಇಲ್ಲ, ನಮ್ಮ ಹೆಸರೂ ಇಲ್ಲ. ಮ್ಯಾಲ ಒಂದು ಮೋಡದ ಚಿತ್ರ, ಅದರ ಕೆಳಗ ಕೆಂಪು ಪಟ್ಟಿ ಪೂರ್ತಿ ತುಂಬಿದ್ದು, "ಡಿಯರ್" ಅಂದು ಅವರ ಹೆಸರಿನ ಬದ್ಲಿ ಮೇಲ್ ಐಡಿಯೊಳಗ ಅಟ್ (@) ಗುರ್ತಿಗಿಂತ ಮೊದ್ಲ ಇರೋ ಅಕ್ಷರ ಅಂಕಿ ಹಂಗ ಹಾಕಿದ್ದು, ಕಳಿಸಿದವರ ಹೆಸರು "ಕ್ಲೌಡ್ ಸಪೋರ್ಟ್" ಅಂತ ಇದ್ರೂ ಅದರ ಮ್ಯಾಲ ಒತ್ತಿ ನೋಡಿದ್ರ ಒಳಗ ಯಾವುದೋ ಅರ್ಥ ಇಲ್ಲದ ವಿಳಾಸ. ಆದ್ರ ಅವರು ನಮ್ಮದ ಅಂತ ತಿಳ್ಕೊಂಡಿದ್ರಾಗ ತಪ್ಪೇನೂ ಇಲ್ರಿ, ಯಾಕಂದ್ರ ಆಗಷ್ಟ ನಮ್ಮ ಗೂಗಲ್ ಡ್ರೈವ್ ಲಿಂಕ್ ಹೋಗಿತ್ತು, ಅದರಾಗೂ "ಇಷ್ಟ ದಿನದೊಳಗ ಡೌನ್‌ಲೋಡ್ ಮಾಡ್ಕೊಳ್ರಿ" ಅಂತ ಇರತೈತಿ. ಫೋಟೋ ಹೋಗ್ತಾವು ಅನ್ನೋ ಅಂಜಿಕಿ, ಒತ್ತಾಕೊಂದು ನೀಲಿ ಬಟನ್, ಎರಡರಾಗೂ ಅದ. ಗಿರಾಕಿಗೆ ಫರಕ್ ಗೊತ್ತಾಗ್ಲಿ ಅಂದ್ರ ನಮ್ಮ ಮೇಲ್‌ನ್ಯಾಗ ಬಟನ್ನ ಇರಬಾರ್ದು ಅಂತ ತೀರ್ಮಾನ ಮಾಡೇವಿ.

ಆ ಕಳ್ಳ ಮೇಲಿನ ಬಟನ್ ಒತ್ತಿದ್ರ ಏನಾಗತೈತಿ ಅಂದ್ರ, "ಸ್ಕ್ಯಾನ್" ಮಾಡಿದಂಗ ತೋರಿಸಿ ಫೋಟೋ, ಡ್ರೈವ್, ಮೇಲ್ ಎಲ್ಲಾ ಫುಲ್ ಅಂತ ಹೇಳತೈತಿ, ನಿಮ್ಮ ಅಕೌಂಟ್ ಖಾಲಿ ಇದ್ರೂ ಅದನ್ನ ಹೇಳತೈತಿ, ಯಾಕಂದ್ರ ಅದಕ್ಕ ನಿಮ್ಮ ಅಕೌಂಟ್ ಕಾಣೋದ ಇಲ್ಲ. ಆಮ್ಯಾಲ ಭಾರಿ ಡಿಸ್ಕೌಂಟ್ ಅಂತ ಆಸೆ ಹಚ್ಚಿ ಕಾರ್ಡ್ ನಂಬರ್ ಕೇಳತೈತಿ, ಇಲ್ಲಾಂದ್ರ ಪಾಸ್‌ವರ್ಡ್. ಲಿಂಕ್ ಒಮ್ಮೊಮ್ಮೆ ಖರೇ ದೊಡ್ಡ ಕಂಪನಿ ಸರ್ವರ್ ಮ್ಯಾಲ ಇದ್ದಂಗ ಕಾಣತೈತಿ, ಕಳ್ಳರು ಅಲ್ಲೇ ಜಾಗ ಹಿಡದು ಪೇಜ್ ಇಟ್ಟಿರ್ತಾರ, ಹಿಂಗಾಗಿ ಲಿಂಕಿನ್ಯಾಗ ಗೂಗಲ್ ಅಂತ ಐತಿ ಅಂದ ಕೂಡ್ಲೆ ನಂಬಾಕ ಬರಂಗಿಲ್ರಿ. ಇನ್ನೊಂದು, ಹೊರದೇಶದ ಸೈಟಿನ್ಯಾಗ ಒಟಿಪಿ ಕೇಳದನ ಕಾರ್ಡಿನಿಂದ ರೊಕ್ಕ ಹೋಗಬಹುದು, ಅದಕ್ಕ ಬ್ಯಾಂಕಿನ ಆ್ಯಪ್‌ನ್ಯಾಗ ಕಾರ್ಡ್ ಸೆಟ್ಟಿಂಗಿಗೆ ಹೋಗಿ ಇಂಟರ್‌ನ್ಯಾಷನಲ್ ಅನ್ನೋದು ಆನ್ ಇದ್ರ, ಬೇಕಿಲ್ಲದವ್ರು ಆಫ್ ಮಾಡಿ ಇಡ್ರಿ.

ಹಂಗಂತ ಸ್ಟೋರೇಜ್ ಫುಲ್ ಆಗೋದ ಸುಳ್ಳು ಅಂತಲ್ಲ, ಖರೇನ ಆಗತೈತಿ. ಗೂಗಲ್ ಫ್ರೀ ಕೊಡೋದು 15 ಜಿಬಿ, ಅದರಾಗ ಮೇಲ್, ಡ್ರೈವ್, ಫೋಟೋಸ್ ಮೂರೂ ಬರ್ತಾವು. 2021ರ ಜೂನ್ 1ರ ಮುಂಚೆ ಫೋಟೋಸ್‌ನ್ಯಾಗ ಸೈಜ್ ಕಮ್ಮಿ ಮಾಡಿ ಇಟ್ಟಿದ್ದು ಲೆಕ್ಕಕ್ಕ ಬರಂಗಿಲ್ಲ, ಆಮ್ಯಾಲ ಏರಿಸಿದ್ದು ಬರತೈತಿ, ಆಂಡ್ರಾಯ್ಡ್ ಮೊಬೈಲಿನ ವಾಟ್ಸಾಪ್ ಬ್ಯಾಕಪ್ಪೂ ಬರತೈತಿ, ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ವಿಡಿಯೋ ಬರೋ ಗ್ರೂಪ್‌ನ್ಯಾಗ ಇದ್ದವ್ರು ಸ್ವಲ್ಪ ವಿಚಾರ ಮಾಡ್ರಿ. ಐಫೋನಿನವ್ರಿಗೆ ಐಕ್ಲೌಡ್ ಬರೇ 5 ಜಿಬಿ. ಫುಲ್ ಆಗೇತೋ ಇಲ್ಲೋ ನೋಡಾಕ ಯಾವ ಮೇಲೂ ಬೇಕಾಗಿಲ್ಲ, ಜಿಮೇಲ್ ಆ್ಯಪ್ ತೆಗದು ಮ್ಯಾಲ ಬಲಗಡೆ ನಿಮ್ಮ ಫೋಟೋ ಒತ್ರಿ, ಎಷ್ಟ ತುಂಬೇತಿ ಅಂತ ಅಲ್ಲೇ ಬರದಿರತೈತಿ. ಐಫೋನ್ ಇದ್ರ ಸೆಟ್ಟಿಂಗ್ಸ್, ಅಲ್ಲಿ ನಿಮ್ಮ ಹೆಸರು, ಅದರೊಳಗ ಐಕ್ಲೌಡ್. ಖರೇನ ಫುಲ್ ಆಗಿದ್ರೂ ಗೂಗಲ್ ಅವತ್ತಿಂದವತ್ತ ಏನೂ ಅಳಸಂಗಿಲ್ಲ, ಹೊಸ ಮೇಲ್ ಬರೋದು, ಹೊಸ ಫೋಟೋ ಏರೋದು ನಿಲ್ತಾವು, ಎರಡು ವರ್ಷ ಮಿತಿ ದಾಟಿ ಹಂಗ ಬಿಟ್ರ ಆಗ ಅಳಸಬಹುದು ಅಂತ ಅವರ ನಿಯಮ ಐತಿ. ಇವತ್ತ ರಾತ್ರಿಯೊಳಗ ಅಂತ ಯಾರರ ಅಂದ್ರ ಅಲ್ಲೇ ತಿಳ್ಕೊಳ್ರಿ.

ನಮ್ಮ ಗಿರಾಕಿಗಳಿಗೆ ಇದೊಂದು ಮುಖ್ಯ ಮಾತು. ನಾವು ಡ್ರೈವ್‌ನ್ಯಾಗ ಶೇರ್ ಮಾಡಿದ ಫೋಲ್ಡರ್ ನಮ್ಮ ಸ್ಟೋರೇಜ್ ತಿಂತೈತಿ, ನಿಮ್ಮದಲ್ಲ. ನಿಮ್ಮ 15 ಜಿಬಿ ತುಂಬಿ ತುಳುಕಿದ್ರೂ ನಮ್ಮ ಫೋಲ್ಡರಿನ ಲಗ್ನದ ಫೋಟೋಕ್ಕ ಏನೂ ಆಗಂಗಿಲ್ಲ. ನೀವು ಕಾಪಿ ಮಾಡಿ ನಿಮ್ಮ ಡ್ರೈವಿಗೆ ಹಾಕ್ಕೊಂಡ್ರ, ಇಲ್ಲಾ ಮೊಬೈಲಿಗೆ ಇಳಿಸಿಕೊಂಡು ಆ ಫೋಲ್ಡರಿಗೂ ಬ್ಯಾಕಪ್ ಆನ್ ಇದ್ರ, ಆಗ ಮಾತ್ರ ನಿಮ್ಮ ಲೆಕ್ಕಕ್ಕ ಹತ್ತತೈತಿ.

ಈಗ ಹೊಸ ಪದ್ಧತಿ ಹೆಂಗಂದ್ರ, ಆರ್ಡರ್ ಕೊಡುವಾಗ ನಿಮ್ಮದೊಂದು ಜಿಮೇಲ್ ಐಡಿ ಬರಸ್ರಿ. ಫೋಟೋ ರೆಡಿ ಆದ ಮ್ಯಾಲ ಆ ಐಡಿಗೆ ಫೋಲ್ಡರ್ ಶೇರ್ ಮಾಡ್ತೇವಿ, ಗೂಗಲ್‌ನಿಂದ ಹೋಗೋ ನೋಟಿಫಿಕೇಶನ್ ಮೇಲನ್ನೂ ಬಂದ್ ಮಾಡೇ ಮಾಡ್ತೇವಿ, ಆಮ್ಯಾಲ ಫೋನ್ ಮಾಡಿ ಫೋಲ್ಡರಿನ ಹೆಸರು ಹೇಳ್ತೇವಿ. ನೀವು ನಿಮ್ಮ ಮೊಬೈಲಿನ ಡ್ರೈವ್ ಆ್ಯಪ್ ತೆಗದು ಕೆಳಗ "ಶೇರ್ಡ್" ಅನ್ನೋದನ್ನ ಒತ್ತಿದ್ರ ಫೋಲ್ಡರ್ ಅಲ್ಲೇ ಇರತೈತಿ. ಪುಣೆ, ಬೆಂಗಳೂರಾಗ ಇರೋ ಮಗ ಸೊಸಿಗೂ ನೋಡಬೇಕಂದ್ರ ಅವರ ಐಡಿನೂ ಕೊಡ್ರಿ. ಇದರಿಂದ ಇನ್ನೊಂದು ಚಲೋ ಆತು, ಮೊದ್ಲು ಲಿಂಕ್ ಸಿಕ್ಕವ್ರೆಲ್ಲಾ ನೋಡಬಹುದಿತ್ತು, ಮನಿ ಗ್ರೂಪಿನಿಂದ ಗ್ರೂಪಿಗೆ ಫಾರ್ವರ್ಡ್ ಆಗಿ ಎಲ್ಲೆಲ್ಲೋ ಹೋಗ್ತಿತ್ತು, ಇನ್ಮುಂದ ನೀವು ಹೇಳಿದ ಮಂದಿಗಷ್ಟ ತೆಗಿತೈತಿ. ಹಳೇ ಲಿಂಕ್‌ಗಳನ್ನ ಸಂಕ್ರಾಂತಿ ತನಕ ಇಟ್ಟು ಆಮ್ಯಾಲ ಬಂದ್ ಮಾಡ್ತೇವಿ, ಅಷ್ಟರಾಗ ಇಳಿಸಿಕೊಳ್ಳೋದು ಆಗ್ಲಿಲ್ಲ ಅಂದ್ರ ಚಿಂತಿ ಮಾಡಬ್ಯಾಡ್ರಿ, ನಮ್ಮ ಹಾರ್ಡ್‌ಡಿಸ್ಕಿನ್ಯಾಗ ಒಂದು ಕಾಪಿ ಇರತೈತಿ, ಬಿಲ್ ತೋರಿಸಿ ಕೇಳ್ರಿ.

ಕಳ್ಳ ಮೇಲ್ ಬಂದಾಗ ಅದರಾಗಿನ "ಅನ್‌ಸಬ್‌ಸ್ಕ್ರೈಬ್" ಸೈತ ಒತ್ತಬ್ಯಾಡ್ರಿ, ಜಿಮೇಲ್ ಕಂಪ್ಯೂಟರಿನ್ಯಾಗ ತೆಗದಿದ್ರ ಮೂರು ಚುಕ್ಕಿ ಒತ್ತಿ "ರಿಪೋರ್ಟ್ ಫಿಶಿಂಗ್" ಕೊಡ್ರಿ, ಮೊಬೈಲಿನ್ಯಾಗಾದ್ರ "ರಿಪೋರ್ಟ್ ಸ್ಪ್ಯಾಮ್" ಸಾಕು. ನಮಗ ಫಾರ್ವರ್ಡ್ ಮಾಡೋದು ಬ್ಯಾಡ, ಸ್ಕ್ರೀನ್‌ಶಾಟ್ ತೋರಿಸ್ರಿ. ಆಗ್ಲೇ ಪಾಸ್‌ವರ್ಡ್ ಹಾಕಿಬಿಟ್ಟಿದ್ರ ಲಗೂನ ಅದನ್ನ ಬದಲಿ ಮಾಡ್ರಿ, ಗೂಗಲ್ ಅಕೌಂಟಿನ ಸೆಕ್ಯುರಿಟಿಯೊಳಗ ಗುರ್ತಿಲ್ಲದ ಡಿವೈಸ್ ಇದ್ರ ಸೈನ್ ಔಟ್ ಮಾಡಿ ಟೂ-ಸ್ಟೆಪ್ (ಪಾಸ್‌ವರ್ಡ್ ಜೋಡಿ ಇನ್ನೊಂದು ಖಾತ್ರಿ ಕೇಳೋದು) ಆನ್ ಮಾಡ್ರಿ. ಕಾರ್ಡ್ ನಂಬರ್ ಕೊಟ್ಟಿದ್ರ ಕಾರ್ಡಿನ ಹಿಂದ ಇರೋ ನಂಬರಿಗೆ ಫೋನ್ ಹಚ್ಚಿ ಬ್ಲಾಕ್ ಮಾಡಸ್ರಿ, ರೊಕ್ಕ ಹೋಗಿದ್ರ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಕೂಡ್ಲೆ ಫೋನ್ ಮಾಡ್ರಿ. ನಾಚಿಕೊಂಡು ಮನ್ಯಾಗ ಹೇಳದ ಕುಂದ್ರಬ್ಯಾಡ್ರಿ, ತಡ ಆದಷ್ಟು ರೊಕ್ಕ ಹಿಡಿಯೋದು ಕಷ್ಟ ಆಗತೈತಿ.

ಜಿಮೇಲ್ ಇಲ್ಲದವ್ರಿಗೆ, ಇದೆಲ್ಲಾ ತಲಿನೋವು ಅನ್ನೋರಿಗೆ ಪೆನ್‌ಡ್ರೈವ್ ಐತಿ. ನೀವ ತಂದ್ರ ಹಾಕಿಕೊಡಾಕ ರೊಕ್ಕ ಇಲ್ಲ. ವಿಡಿಯೋನೂ ಬೇಕಂದ್ರ 128 ಜಿಬಿದು ತರ್ರಿ, ಚಿಕ್ಕದು ಸಾಲಂಗಿಲ್ಲ, ಮತ್ತ ಅದರಾಗ ಮೊದ್ಲಿನದು ಏನರ ಇದ್ರ ಮನ್ಯಾಗ ತಗದು ಖಾಲಿ ಮಾಡ್ಕೊಂಡ ಬರ್ರಿ.

ನಿಮ್ಮ ಸ್ಟುಡಿಯೋದವ್ರು,
ಗದಗ-ಬೆಟಗೇರಿ