ಮಾಟುಂಗದಿಂದ ಪುಣೆಯ ಮಾಣಿಗೆ

ಮಾಟುಂಗ, ಮುಂಬಯಿ
ಮಂಗಳವಾರ ರಾತ್ರಿ

ಪ್ರೀತಿಯ ಮಾಣಿ,

ನಿನ್ನ ಅಜ್ಜಯ್ಯನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಸೌಖ್ಯ. ಅಲ್ಲಿ ನೀನು ಸೌಖ್ಯವಿಲ್ಲ ಎಂಬುದು ಸದ್ಯಕ್ಕೆ ನನಗೊಬ್ಬನಿಗೇ ಗೊತ್ತು. ಅದಕ್ಕೇ ಎರಡು ರಾತ್ರಿಯಿಂದ ನಿದ್ದೆ ಹತ್ತಿಲ್ಲ. ಫೋನಿನಲ್ಲಿ ವಾದಕ್ಕೆ ನಿಂತರೆ ಗೆಲ್ಲುವವನು ನೀನೇ. ನಾನು ಒಂದು ಮಾತು ಹುಡುಕುವಷ್ಟರಲ್ಲಿ ನಿನ್ನದು ನಾಲ್ಕು ಮುಗಿದಿರುತ್ತದೆ. ಅದಕ್ಕೆ ಈ ಕಾಗದ. ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ನಾಳೆ ಬೆಳಿಗ್ಗೆ ಪುಣೆಗೆ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ಜೊತೆಗೆ ಹಲಸಿನ ಹಪ್ಪಳದ ಕಟ್ಟೂ ಇದೆ, ಊರಿನಿಂದ ನಿನ್ನ ಅಮ್ಮಮ್ಮ ಕಳಿಸಿದ್ದು.

ಭಾನುವಾರ ನೀನು ಹೇಳಿದ್ದು ಇಷ್ಟು. ಬಾಕ್ಸಿಂಗ್ ಅಭ್ಯಾಸದಲ್ಲಿ ಜೊತೆಗಾರನೊಡನೆ ಸ್ಪಾರಿಂಗ್ ಮಾಡುವಾಗ ಕೆನ್ನೆಯ ಮೇಲೆ ಜೋರಾಗಿ ಒಂದು ಬಿತ್ತು, ಕಾಲು ಸೋತಿತು. ರೂಮಿಗೆ ಬಂದ ಮೇಲೆ ಎರಡು ಸಲ ವಾಂತಿ. ಟ್ಯೂಬ್‌ಲೈಟ್ ಹಾಕಿದರೆ ತಲೆ ಸಿಡಿಯುತ್ತದೆ. "ಕೋಚ್‌ಗೆ ಗೊತ್ತಾದರೆ ಮುಂದಿನ ವಾರದ ಸೆಲೆಕ್ಷನ್ ಹೋಯಿತು, ಅಮ್ಮನಿಗಂತೂ ಹೇಳಲೇಬೇಡಿ." ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತನ್ನೇ ನನಗೆ ಅಡ್ಡ ಹಿಡಿದೆ: "ಜೋ ಫ್ರೇಜಿಯರ್ ಮುರಿದ ಹೆಬ್ಬೆರಳಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ, ಒಂದು ಕಣ್ಣು ಸರಿಯಾಗಿ ಕಾಣದೆಯೂ ಚಾಂಪಿಯನ್ ಆದ ಅಂತ ಹೇಳಿದ್ದು ನೀವೇ ಅಲ್ಲವಾ ಅಜ್ಜಯ್ಯ?"

ಹೌದು ಮಾರಾಯ, ನಾನೇ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸೆಮಿಫೈನಲ್ ಆಡುವಾಗ ಆ ಅಮೆರಿಕದ ಬಾಕ್ಸರನ ಎಡ ಹೆಬ್ಬೆರಳು ಮುರಿಯಿತು, ಅದನ್ನು ಯಾರಿಗೂ ಹೇಳದೆ ಫೈನಲ್ ಆಡಿ ಗೆದ್ದ. ಎಡಗಣ್ಣಿನ ತೊಂದರೆಯನ್ನೂ ಮುಚ್ಚಿಟ್ಟೇ ಆಡಿದ, ಎಷ್ಟೋ ವರ್ಷದ ಮೇಲೆ ತಾನೇ ಬಾಯಿಬಿಟ್ಟ. ಅಷ್ಟನ್ನು ಹೇಳಿ ನಾನು ಕಥೆ ನಿಲ್ಲಿಸಿಬಿಟ್ಟಿದ್ದೆ. ಉಳಿದದ್ದನ್ನೂ ಈಗ ಹೇಳಬೇಕು.

ಮೊದಲು ನನ್ನ ಕೈಯ ಕಥೆ. ನನ್ನ ಎಡಗೈಯ ಕೊನೆಯ ಎರಡು ಬೆರಳು ಮಡಚಿಕೊಂಡೇ ಇರುತ್ತವೆ, ನೀನು ಚಿಕ್ಕವನಿದ್ದಾಗ ತೊಡೆಯ ಮೇಲೆ ಕೂತು ಬಿಡಿಸಲು ನೋಡುತ್ತಿದ್ದೆ. 1970ರಲ್ಲಿ ಫೋರ್ಟಿನ ಒಂದು ಹೋಟೆಲಿನಲ್ಲಿ ಮಾಣಿಯಾಗಿದ್ದೆ. (ನಮ್ಮ ಕುಂದಾಪುರದಲ್ಲಿ ಮಾಣಿ ಅಂದರೆ ಹುಡುಗ, ಹೋಟೆಲಿನಲ್ಲಿ ಮಾಣಿ ಅಂದರೆ ಸಪ್ಲೈ ಮಾಡುವವನು. ಆಗ ನಾನು ಎರಡೂ.) ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ಒಂದು ದಿನ ವಡೆ ಕರಿಯುವ ಬಾಣಲೆಯ ಎಣ್ಣೆ ಕೈಮೇಲೆ ಚೆಲ್ಲಿತು. ಒದ್ದೆ ಬಟ್ಟೆ ಸುತ್ತಿಕೊಂಡು ಮೂರು ದಿನ ಅದೇ ಕೈಯಲ್ಲಿ ಸಪ್ಲೈ ಮಾಡಿದೆ. ಮನೆಯಲ್ಲಿ ನಿಮಗೆಲ್ಲ ಇಷ್ಟನ್ನೇ ಹೇಳಿದ್ದು, ನೀನು ಚಪ್ಪಾಳೆ ತಟ್ಟಿದ್ದೂ ಇಷ್ಟಕ್ಕೇ.

ಹೇಳದೆ ಬಿಟ್ಟದ್ದು ಏನೆಂದರೆ, ನಾನು ಸುಮ್ಮನಿದ್ದದ್ದು ಹೆದರಿಕೆಯಿಂದ. ಕೈ ಕೆಟ್ಟಿತೆಂದರೆ ಊರಿಗೆ ಕಳಿಸಿಬಿಡುತ್ತಾರೆ, ಅಮ್ಮನಿಗೆ ಹೋಗುವ ಮನಿಯಾರ್ಡರ್ ನಿಲ್ಲುತ್ತದೆ, ಅದೊಂದೇ ತಲೆಯಲ್ಲಿ. ನಾಲ್ಕನೆಯ ದಿನ ಕೀವಿನ ವಾಸನೆ ಗಿರಾಕಿಯೊಬ್ಬರ ಮೂಗಿಗೆ ಬಡಿದು ಗುಟ್ಟು ರಟ್ಟಾಯಿತು. ಮಾಲಕರು ಊರಿಗೂ ಕಳಿಸಲಿಲ್ಲ, ಬೈಯಲೂ ಇಲ್ಲ. ಟ್ಯಾಕ್ಸಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಆಮೇಲೆ ಎರಡು ತಿಂಗಳು ಗಲ್ಲೆಯ ಪಕ್ಕ ಕೂರಿಸಿ ಲೆಕ್ಕ ಬರೆಸಿದರು. ಮೊದಲ ದಿನವೇ ಬಂದಿದ್ದರೆ ಬೆರಳು ಬಿಡಿಸಿಕೊಳ್ಳುತ್ತಿದ್ದವು ಎಂದರು ಡಾಕ್ಟರು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಐವತ್ತು ಚಿಲ್ಲರೆ ವರ್ಷ ಹೆದರಿಕೆಗೆ ಕೆಚ್ಚು ಎಂಬ ಹೆಸರಿಟ್ಟು ಓಡಾಡಿದೆ.

ಮರುವರ್ಷ, 1971ರ ಮಾರ್ಚ್ 8ರಂದು, ನ್ಯೂಯಾರ್ಕಿನಲ್ಲಿ ಮುಹಮ್ಮದ್ ಅಲಿ–ಫ್ರೇಜಿಯರ್ ಮೊದಲ ಪಂದ್ಯ. ಇಬ್ಬರೂ ಅಲ್ಲಿಯತನಕ ಸೋಲು ಕಾಣದವರು. 15ನೇ ರೌಂಡಿನಲ್ಲಿ ಫ್ರೇಜಿಯರ್‌ನ ಎಡ ಹುಕ್ಕಿಗೆ, ಅಂದರೆ ಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತಕ್ಕೆ, ಅಲಿ ಅಂಗಾತ ಬಿದ್ದ. ಬಿದ್ದವನು ಕೂಡಲೇ ಎದ್ದ, ಆದರೆ ಪಂದ್ಯ ಫ್ರೇಜಿಯರ್‌ನದಾಯಿತು. ಗಿರಾಕಿಗಳು ಬಿಟ್ಟುಹೋದ ಪೇಪರಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಹೋಟೆಲಿನಲ್ಲಿ ಎಲ್ಲರೂ ಅಲಿಯ ಪಕ್ಷ, ನಾನೊಬ್ಬ ಫ್ರೇಜಿಯರ್ ಪಕ್ಷ. ಅವನು ಕಸಾಯಿಖಾನೆಯಲ್ಲಿ ದುಡಿದು ಮೇಲೆ ಬಂದವನು, ಹೆಚ್ಚು ಮಾತಿಲ್ಲದವನು. ಬಹಳ ವರ್ಷದ ಮೇಲೆ ಅವನ ಎಡಗೈಯ ವಿಷಯ ತಿಳಿಯಿತು. ಹುಡುಗನಾಗಿದ್ದಾಗ ಹಂದಿಯ ದೆಸೆಯಿಂದ ಬಿದ್ದು ಪೆಟ್ಟಾಗಿ, ಡಾಕ್ಟರಿಗೆ ಕೊಡಲು ದುಡ್ಡಿಲ್ಲದೆ, ಕೈ ಸೊಟ್ಟಗೇ ಕೂಡಿಕೊಂಡಿತಂತೆ. ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಆ ಸೊಟ್ಟ ಕೈಯೇ ಹುಕ್ಕಿಗೆ ಒದಗಿತು. ನನ್ನ ಸೊಟ್ಟ ಬೆರಳು ಒಂದೇ ಸಲಕ್ಕೆ ನಾಲ್ಕು ಚಹಾ ಗ್ಲಾಸು ಹಿಡಿಯುವುದಕ್ಕೆ ಒದಗಿತು, ಅಷ್ಟೇ.

ಯಾರ ಧೈರ್ಯ ದೊಡ್ಡದು ಅಂತ ನೀನೂ ನಾನೂ ಎಷ್ಟು ಸಲ ಜಗಳವಾಡಿಲ್ಲ! ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂದು ತಾಳಮದ್ದಳೆಯಲ್ಲಿ ಬೆಳಗಾಗುವ ತನಕ ಅರ್ಥ ಹೇಳುತ್ತಾರಲ್ಲ, ಹಾಗೆ. ಆಗೆಲ್ಲ ನನ್ನ ತಕ್ಕಡಿ ಒಂದೇ: ಎಷ್ಟು ಪೆಟ್ಟು ತಿಂದ, ಎಷ್ಟು ಸಲ ಎದ್ದ. ಹಾಗೆ ತೂಗಿದರೆ ಫ್ರೇಜಿಯರ್‌ಗೆ ಸಾಟಿಯಿಲ್ಲ. 1973ರ ಜನವರಿಯಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಎರಡೇ ರೌಂಡಿನಲ್ಲಿ ಅವನನ್ನು ಆರು ಸಲ ಕೆಡವಿದ. ಆರು ಸಲವೂ ಎದ್ದ. ಅದೇ ವರ್ಷ ಕೆನ್ ನಾರ್ಟನ್‌ನ ಎದುರು ದವಡೆ ಮುರಿದ ಅಲಿಯೂ 12 ರೌಂಡ್ ಪೂರೈಸಿಯೇ ಇಳಿದ. ರಾಕಿ ಮಾರ್ಸಿಯಾನೊ 1952ರಲ್ಲಿ ಮೊದಲ ರೌಂಡಿನಲ್ಲೇ ಬಿದ್ದು, ಅಂಕದಲ್ಲಿ ಹಿಂದಿದ್ದು, 13ನೇ ರೌಂಡಿನಲ್ಲಿ ಒಂದೇ ಬಲಗೈ ಹೊಡೆತಕ್ಕೆ ಆಗಿನ ಚಾಂಪಿಯನ್ ವಾಲ್ಕಾಟ್‌ನನ್ನು ಮಲಗಿಸಿದ. ಈ ತಕ್ಕಡಿಗೆ ಬೇಕಾದಷ್ಟು ಸರಕಿದೆ.

ಭಾನುವಾರದಿಂದ ಅದನ್ನು ಪಕ್ಕಕ್ಕಿಟ್ಟು ಬೇರೆ ರೀತಿ ತೂಗುತ್ತಿದ್ದೇನೆ. ತನಗೆ ನಷ್ಟವಾಗುತ್ತದೆಂದು ಗೊತ್ತಿದ್ದೂ ಎಲ್ಲರೆದುರು ಯಾರು ಏನನ್ನು ತೆರೆದಿಟ್ಟರು?

1967ರಲ್ಲಿ ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಿಸಲು ಹೆಸರು ಕೂಗಿದಾಗ, ವಿಯೆಟ್ನಾಂ ಯುದ್ಧಕ್ಕೆ ಒಲ್ಲೆ ಎಂದು ಅಲಿ ಹೆಜ್ಜೆ ಮುಂದಿಡಲಿಲ್ಲ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, ಮೈ ಹುರಿಗಟ್ಟಿದ್ದ ಮೂರೂವರೆ ವರ್ಷ ಹೋಯಿತು. ನಿನ್ನದು ಒಂದು ಸೆಲೆಕ್ಷನ್, ಮಾಣಿ.

ಇನ್ನು ಫೋರ್‌ಮನ್. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ 8ನೇ ರೌಂಡಿಗೆ ಅಲಿಯ ಕೈಲಿ ಉರುಳಿದ ಮೇಲೆ ನೀರಿನಲ್ಲಿ ಏನೋ ಬೆರೆಸಿದ್ದರು, ಹಗ್ಗ ಸಡಿಲವಿತ್ತು ಅಂತ ನೆಪಗಳ ಪಟ್ಟಿಯನ್ನೇ ಹೇಳಿದ. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಪಾದ್ರಿಯಾದ, ಹತ್ತು ವರ್ಷ ಕಳೆದು ಬೊಜ್ಜು ಹೊತ್ತುಕೊಂಡು ಮರಳಿದ. ಪೇಪರಿನವರು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ನೆಪಗಳನ್ನೆಲ್ಲ ಬಿಟ್ಟು, ಅಲಿ ನನಗಿಂತ ಚೆನ್ನಾಗಿ ಆಡಿ ಗೆದ್ದ ಅನ್ನಲು ಕಲಿತಿದ್ದ. 1994ರ ನವೆಂಬರ್‌ನಲ್ಲಿ ಮೈಕಲ್ ಮೂರರ್‌ನ ಎದುರು ಇಳಿದಾಗ ಅವನಿಗೆ 45 ವರ್ಷ, ಎದುರಾಳಿಗೆ 26. ತೊಟ್ಟದ್ದು ಯಾವ ಚಡ್ಡಿ ಗೊತ್ತಾ? ಕಿನ್ಶಾಸಾದಲ್ಲಿ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ಒಂಬತ್ತು ರೌಂಡ್ ಅಂಕದಲ್ಲಿ ಹಿಂದೆ ಬಿದ್ದಿದ್ದವನು 10ನೆಯದರಲ್ಲಿ ಮೂರರ್‌ನನ್ನು ಮಲಗಿಸಿದ. ಗೆದ್ದದ್ದಕ್ಕಿಂತ ನನಗೆ ಹಿಡಿಸಿದ್ದು ಆ ಚಡ್ಡಿ. ಸೋತ ಬಟ್ಟೆಯನ್ನು ಇಪ್ಪತ್ತು ವರ್ಷ ಜೋಪಾನವಾಗಿಟ್ಟು ಲೋಕದೆದುರು ತೊಟ್ಟು ಬರುವುದೆಂದರೆ ಸಣ್ಣ ಮಾತಲ್ಲ.

ಈಗ ನಿನ್ನ ಫ್ರೇಜಿಯರ್. 1975ರ ಅಕ್ಟೋಬರ್ 1, ಮನಿಲಾದ ಹತ್ತಿರ ಕೆಸೋನ್ ಸಿಟಿ, ಅಲಿಯ ಜೊತೆ ಮೂರನೆಯ ಪಂದ್ಯ. ಒಲೆಯ ಮುಂದೆ ನಿಂತಂಥ ಸೆಕೆ. ನಡುವಿನ ರೌಂಡುಗಳಲ್ಲಿ ಫ್ರೇಜಿಯರ್ ಅಲಿಯ ಪಕ್ಕೆಲುಬಿಗೆ ಅಕ್ಕಿ ಕುಟ್ಟಿದ ಹಾಗೆ ಕುಟ್ಟಿದ. ಆಮೇಲೆ ಮುಖ ಊದಿಕೊಂಡಿತು. ಆ ಎಡಗಣ್ಣು ಮೊದಲೇ ಅಷ್ಟಕ್ಕಷ್ಟೆ. ಊತಕ್ಕೆ ಎರಡೂ ಮುಚ್ಚುತ್ತಾ ಬಂದು ಅಲಿಯ ಬಲಗೈ ಬರುವುದೇ ಕಾಣದಾಯಿತು. 13, 14ನೇ ರೌಂಡಿನಲ್ಲಿ ಬಿದ್ದ ಪೆಟ್ಟು ನೋಡಲಾಗುವುದಿಲ್ಲ, ನಿನ್ನ ಮೊಬೈಲಿನಲ್ಲಿ ನೀನೇ ತೋರಿಸಿದ್ದೆಯಲ್ಲ, ನಾನು ಎದ್ದು ಹೋದೆ. ಉಳಿದದ್ದು ಒಂದೇ ರೌಂಡ್. ಫ್ರೇಜಿಯರ್ ಆಡುತ್ತೇನೆ ಎಂದು ಹಟ ಹಿಡಿದ. ಮೂಲೆಯಲ್ಲಿದ್ದ ಕೋಚ್ ಎಡ್ಡಿ ಫಚ್ ರಿಂಗಿನಲ್ಲಿ ಪೆಟ್ಟು ತಿಂದು ಸತ್ತವರನ್ನು ಕಣ್ಣಾರೆ ಕಂಡವನು. ಕೂತುಕೋ ಮಗಾ ಎಂದು ಅವನ ಹೆಗಲು ಒತ್ತಿ ಪಂದ್ಯ ನಿಲ್ಲಿಸಿದ. ಆಚೆ ಮೂಲೆಯಲ್ಲಿ ಗೆದ್ದ ಅಲಿ ಎದ್ದು ನಿಂತವನೇ ಕುಸಿದ. ಸಾವಿಗೆ ಇಷ್ಟು ಹತ್ತಿರ ಎಂದೂ ಹೋಗಿರಲಿಲ್ಲ ಅಂತ ಆಮೇಲೆ ಅವನೇ ಹೇಳಿಕೊಂಡ.

ಫಚ್‌ಗೆ ನಿಲ್ಲಿಸಲು ಆದದ್ದು ಆ ಊದಿದ ಮುಖ ಅವನ ಕಣ್ಣೆದುರಿಗೆ ಇದ್ದದ್ದರಿಂದ. ನಿನ್ನ ಕೋಚ್‌ಗೆ ಕಾಣುವುದು ಏನು? ನಿನ್ನ ಕೆನ್ನೆ ಊದಿಲ್ಲ, ಮೂಗು ಒಡೆದಿಲ್ಲ, ಹೆಬ್ಬೆರಳು ಮುರಿದಿಲ್ಲ. ಪೆಟ್ಟು ಒಳಗೆ ಕೂತಿದೆ. ತಲೆಯ ಪೆಟ್ಟಿಗೆ ಪಂದ್ಯ ನಿಂತರೆ ಕನಿಷ್ಠ 30 ದಿನ ರಿಂಗಿಗೆ ಇಳಿಸಬಾರದೆಂಬ ನಿಯಮ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಬಾಯಿ ಮುಚ್ಚಿಕೊಂಡಿರುವುದೂ ಅದಕ್ಕೇ. ಮೊದಲನೆಯ ಪೆಟ್ಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮೊದಲು ಎರಡನೆಯದು ಬಿದ್ದರೆ ಅದು ಸಣ್ಣದಾದರೂ ಒಳಗೆ ಬಾವು ಬಂದು ಜೀವಕ್ಕೇ ಕುತ್ತು.

ಅಲಿಗೂ ನಿಲ್ಲಿಸುವುದು ತಿಳಿಯಲಿಲ್ಲ. 1980ರಲ್ಲಿ, 38ನೇ ವಯಸ್ಸಿನಲ್ಲಿ, ಹಿಂದೆ ತನ್ನ ಸ್ಪಾರಿಂಗ್ ಹುಡುಗನಾಗಿದ್ದ ಲ್ಯಾರಿ ಹೋಮ್ಸ್‌ನ ಎದುರು ಇಳಿದ. ಸಾಕು ನಿಲ್ಲಿಸಿ ಎಂಬಂತೆ ಹೋಮ್ಸ್‌ನೇ ರೆಫರಿಯ ಕಡೆ ನೋಡುತ್ತಿದ್ದ. 10 ರೌಂಡ್ ಮುಗಿದ ಮೇಲೆ ಅಲಿಯ ಮೂಲೆಯವರು ನಿಲ್ಲಿಸಿದರು. ಗೆದ್ದ ಹೋಮ್ಸ್ ಅತ್ತ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಅಂದರು ಡಾಕ್ಟರು.

ಆದರೂ ಅಲಿಯ ಪಕ್ಷಕ್ಕೆ ನಾನು ಈಗ, ಎಪ್ಪತ್ತು ದಾಟಿದ ಮೇಲೆ ಸೇರಿದ್ದೇನೆ, ಕಾರಣ ಯಾವ ಪಂದ್ಯವೂ ಅಲ್ಲ. 1996ರ ಅಟ್ಲಾಂಟಾ. ಒಲಿಂಪಿಕ್ ಜ್ಯೋತಿ ಹೊತ್ತಿಸಲು ಬಂದು ನಿಂತಾಗ ಅವನ ಕೈ ಗಡಗಡ ನಡುಗುತ್ತಿತ್ತು. ಒಂದು ಕಾಲದ ಅಷ್ಟು ಅಂದಗಾರ, ಅಷ್ಟು ಮಾತುಗಾರ. ನಡುಗುವ ಕೈಯನ್ನು ಮುಚ್ಚಿಕೊಂಡು ಮನೆಯಲ್ಲಿ ಕೂರಬಹುದಿತ್ತು. ಟಿವಿಯಲ್ಲಿ ನೋಡುತ್ತಾ ನಾನು ನನ್ನ ಎಡಗೈಯನ್ನು ಪಂಚೆಯ ಮಡಿಲಿನಿಂದ ಹೊರಗೆ ತೆಗೆದೆ. ನಗಬೇಡ.

ಕಾಗದ ಕೈಸೇರಿದ ಕೂಡಲೇ ಕೋಚ್ ಹತ್ತಿರ ಹೋಗಿ ವಾಂತಿಯಿಂದ ಹಿಡಿದು ಎಲ್ಲ ಹೇಳು, ಅಲ್ಲಿಂದ ಸೀದಾ ಡಾಕ್ಟರ ಹತ್ತಿರ. ಒಬ್ಬನೇ ಹೋಗಬೇಡ, ರೂಮಿನ ಹುಡುಗನನ್ನು ಕರೆದುಕೋ. ನಾಳೆ ರಾತ್ರಿ ಒಂಬತ್ತರ ತನಕ ನಿನ್ನ ಫೋನಿಗೆ ಕಾಯುತ್ತೇನೆ. ಬರದಿದ್ದರೆ ಒಂಬತ್ತೂಕಾಲಿಗೆ ನಿನ್ನ ಅಮ್ಮನಿಗೆ ನಾನೇ ಫೋನ್ ಮಾಡುತ್ತೇನೆ. ಅಜ್ಜಯ್ಯ ಮಾತಿಗೆ ತಪ್ಪಿದರು ಅಂತ ಊರಿಡೀ ಹೇಳಿಕೊಂಡು ಬಾ, ಬೇಜಾರಿಲ್ಲ.

ಶನಿವಾರ ಡೆಕ್ಕನ್ ಕ್ವೀನಿಗೆ ಬರುತ್ತೇನೆ. ಹಪ್ಪಳವನ್ನು ಈಗಲೇ ಕರಿಯಬೇಡ, ಎಣ್ಣೆಯ ವಾಸನೆಗೆ ಮತ್ತೆ ವಾಂತಿ ಬಂದೀತು. ಹಾಗೇ ಇಟ್ಟಿರು. ನಾನು ಬಂದ ಮೇಲೆ ಕೆಂಡವಿಲ್ಲದಿದ್ದರೆ ಗ್ಯಾಸಿನ ಮೇಲಾದರೂ ಸುಟ್ಟು ತಿನ್ನುವ.

ನಿನ್ನ,
ಅಜ್ಜಯ್ಯ