ಅವ್ವಾ, ಬಂದೋರು ನಿನ್ನೆ ಹೋದ್ರು

ಕೇಟಿ, ಹ್ಯೂಸ್ಟನ್ ಹತ್ರ, ಅಮೆರಿಕಾ
24 ಸೆಪ್ಟೆಂಬರ್ 2017

ಅವ್ವಗ, ಅಪ್ಪಗ ಶರಣು.

ನಾವು ಮೂರೂ ಮಂದಿ ಆರಾಮ ಅದೀವಿ, ಮನಿಯೊಳಗ ನೀರು ಬಂದಿಲ್ಲ. ಇದನ್ನ ಮೊದಲ ಬರದಬಿಡ್ತೀನಿ, ಯಾಕಂದ್ರ ಅಪ್ಪ ಟೀವಿ ನೋಡಿ ನೋಡಿ ಇನ್ನೂ ನಂಬವಲ್ಲ ಅಂತ ತಮ್ಮ ಹೇಳ್ದ. ಫೋನಿನ್ಯಾಗ ಎಲ್ಲಾ ಹೇಳಾಕ ಆಗಂಗಿಲ್ಲ, ನಾ ಅಂದಿದ್ದು ಅಪ್ಪಗ ಕೇಳಂಗಿಲ್ಲ, ನೀ ನಡುವ ಅಳಾಕ ಶುರು ಮಾಡ್ತಿ, ಅದಕ್ಕ ಟೈಪ್ ಮಾಡಿ ಕಳಸಾಕತ್ತೀನಿ. ತಮ್ಮ ಓದಿ ಹೇಳ್ಲಿ. ಗಡಬಡ ಮಾಡದ ಓದು ಅನ್ನು ಅವಗ.

ನೆರಿಗೆ ಮನಿ ಮುಳುಗಿ ನಮ್ಮನ್ಯಾಗ ಬಂದಿದ್ದ ಆಯಿ ನಿನ್ನೆ ಮಧ್ಯಾಹ್ನ ಹೋದ್ಲು, ಮಗಳು ಮೊಮ್ಮಗ ಕೂಡಿ. 26 ದಿನ ಇದ್ರು. ಮನಿ ಭಣ ಭಣ ಅನ್ನಾಕತ್ತೈತಿ, ನಾಷ್ಟಾಕ್ಕ ಇವತ್ತೂ ಆರು ಮಂದಿದ್ದ ಅವಲಕ್ಕಿ ತೊಯ್ಸಿಬಿಟ್ಟಿದ್ದೆ.

ಶುರುವಿಂದ ಹೇಳ್ತೀನಿ. ಈ ಸಲ ಚೌತಿ ಆಗಸ್ಟ್ 25, ಶುಕ್ರವಾರ. ಗಣಪ್ಪನ್ನ ಕೂಡಿಸಿ ಕಡಬು ಮಾಡಿ ಆರತಿ ಮಾಡಿದ್ವಿ, ಅದ ರಾತ್ರಿ ಹಾರ್ವಿ ಅನ್ನೋ ಚಂಡಮಾರುತ ರಾಕ್‌ಪೋರ್ಟ್ ಊರಿನ ಹತ್ರ ದಂಡಿಗೆ ಬಂದು ಬಡೀತು. ಅದು ನಮ್ಮಿಂದ ಭಾಳ ದೂರ. ಗಾಳಿ ನಮಗೇನೂ ಮಾಡ್ಲಿಲ್ಲ, ಆದ್ರ ಅದು ಮುಂದ ಹೋಗವಲ್ತು, ಇಲ್ಲೇ ಗಿರಕಿ ಹೊಡಕೋತ ನಾಕು ದಿನ ಮಳಿ ಸುರದಬಿಡ್ತು. ಕೆಲವು ಕಡೆ 50 ಇಂಚು, ನೆಡರ್‌ಲ್ಯಾಂಡ್ ಅನ್ನೋ ಊರಾಗ 60 ಇಂಚು. ನಮ್ಮ ಗುಳೇದಗುಡ್ಡಕ್ಕ ಎರಡು ವರ್ಷದ್ದು ಕೂಡಿಸಿದ್ರೂ ಅಷ್ಟು ಬೀಳಂಗಿಲ್ಲ. ಗಣಪ್ಪನ್ನ ಕಳಸಾಕ ಹೊಳಿಗೆ ಹೋಗೋದು ಬ್ಯಾಡಾತು, ಹೊಳಿನ ಓಣ್ಯಾಗ ಬಂದಿತ್ತು. ನಾವು ಬಕೇಟಿನ್ಯಾಗ ಕಳಿಸಿದ್ವಿ.

ಅಪ್ಪಾ, ಇದು ನೀವು ಕೇಳಬೇಕು. ಇಲ್ಲೆ ಎರಡು ಡ್ಯಾಮ್ ಅದಾವ, ಆಡಿಕ್ಸ್ ಮತ್ತ ಬಾರ್ಕರ್, 1940ರ ದಶಕದಾಗ ಮಿಲಿಟರಿ ಇಂಜಿನಿಯರ್ ಮಂದಿ ಹ್ಯೂಸ್ಟನ್ ಪ್ಯಾಟಿ ಮುಳುಗಬಾರದಂತ ಕಟ್ಟಿದ್ದು. ಆಲಮಟ್ಟಿಗತೆ ನೀರು ತುಂಬಿಸಿ ಇಡಂಗಿಲ್ಲ, ಬ್ಯಾರೆ ದಿನ ಒಣಾನ ಇರ್ತಾವ, ಒಳಗ ಪಾರ್ಕ್ ಮಾಡ್ಯಾರ, ಮಂದಿ ಸೈಕಲ್ ಹೊಡಿತಾರ. ಮಳಿ ಜೋರಾದಾಗ ಅಷ್ಟ ನೀರು ತಡದು ಆಮ್ಯಾಲೆ ಬಫಲೋ ಬಾಯೂ ಅನ್ನೋ ಹಳ್ಳಕ್ಕ ನಿಧಾನಕ ಬಿಡ್ತಾರ. ಕಿತಾಪತಿ ಎಲ್ಲೆ ಐತಿ ಅಂದ್ರ ಒಡ್ಡಿನ ಹಿಂದ ನೀರು ನಿಂದ್ರೋ ಜಾಗದಾಗ ಲೇಔಟ್ ಮಾಡಿ ಮನಿ ಮಾರ್ಯಾರ, ತಗೊಂಡೋರಾಗ ಭಾಳ ಮಂದಿಗೆ ತಾವು ಹಿನ್ನೀರಾಗ ಮನಿ ತಗೊಂಡೀವಿ ಅಂತ ಗೊತ್ತ ಇದ್ದಿಲ್ಲ. 28ಕ್ಕ ನಸುಕಿನ್ಯಾಗ ಗೇಟ್ ತಗದ್ರು, ಕೆಳಗಿನೋರು ಮುಳುಗಿದ್ರು, ತಗದ್ರೂ ಹಿಂದಿನೋರಿಗೆ ನೀರು ಏರೋದು ನಿಂದರಲಿಲ್ಲ. ನಮ್ಮ ಬಾಗಲಕೋಟ್ಯಾಗ ಮುಳುಗಡಿ ಅಂತ ನೋಟಿಸ್ ಆದ್ರೂ ಬಂದಿತ್ತು, ಪರಿಹಾರ ಕಮ್ಮಿ ಅಂತ ಜಗಳಾಡಾಕ ಒಂದು ಆಫೀಸ್ ಆದ್ರೂ ಇತ್ತು.

ಇವರ ಆಫೀಸಿನ ಹಾಸನ ಕಡೆಯ ಹುಡುಗ ಒಬ್ಬ ಅಲ್ಲೇ ಸಿಂಕೋ ರಾಂಚ್ ಕಡೆ ಮನಿ ತಗೊಂಡಾನ. ಮಂಗಳವಾರ 29ಕ್ಕ ಫೋನ್ ಬಂತು, ನೀರು ಸೋಫಾತನ ಐತಿ, ಕೂಸಿನ್ನ ತಗೊಂಡು ಮೆಟ್ಟಲ ಮ್ಯಾಲ ಕುಂತೀವಿ ಅಂತ. ಇವರು ಗಾಡಿ ತಗೊಂಡು ಬೋಟಿನೋರು ಮಂದೀನ ಇಳಸೋ ಜಾಗಕ್ಕ ಹೋದ್ರು. ರೋಡಿನ ಮ್ಯಾಲ ಬೋಟ್, ಅವ್ವಾ! ಅದೂ ಸರಕಾರದ್ದಲ್ಲ, ಮೀನ ಹಿಡಿಯೋ ಬೋಟ್ ಟ್ರಕ್ಕಿಗೆ ಕಟಗೊಂಡು ಲೂಸಿಯಾನಾದಿಂದ ರಾತ್ರೋರಾತ್ರಿ ಬಂದ ಮಂದಿ, ಕೇಜನ್ ನೇವಿ ಅಂತಾರ ಅವರಿಗೆ, ಹೆಸರಷ್ಟ ನೇವಿ, ಪಗಾರಿಲ್ಲ ಯೂನಿಫಾರಮ್ ಇಲ್ಲ, ಫೋನಿನ್ಯಾಗ ಝೆಲ್ಲೋ ಅಂತ ವಾಕಿಟಾಕಿ ಆಪ್ ಹಾಕೊಂಡು ಯಾರು ಎಲ್ಲೆ ಸಿಕ್ಕೊಂಡಾರ ಅಂತ ಕೇಳಿ ಹೋಗಿ ಎತ್ತಿಕೊಂಡು ಬರೋದು.

ಹಾಸನದೋರು ಇಳಿದ ಬೋಟಿನ್ಯಾಗ ಇನ್ನೂ ಇಬ್ಬರಿದ್ರು, ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್ ಆಯಿ ಮತ್ತ ಆಕಿ ಮೊಮ್ಮಗ, ಹದಿನಾಕು ವರ್ಷದವ. ಕೈಯಾಗ ಕಸದ ಚೀಲ, ಅದರಾಗ ನಾಕು ಅರಬಿ, ಶುಗರ್ ಗುಳಿಗಿ. ಅವರಿಗೆ ಶೆಲ್ಟರ್ ಬಸ್ ತೋರಿಸಿದ್ರು. ಪ್ಯಾಟ್ಯಾಗ ಕನ್ವೆನ್ಷನ್ ಸೆಂಟರಿನ್ಯಾಗ 5,000 ಮಂದಿಗೆ ಅಂತ ಮಂಚ ಹಾಕಿದ್ರು, 10,000 ಮಂದಿ ಬಂದು ಕುಂತಿದ್ರು. ಆಯಿ ಬಸ್ ಹತ್ತವಲ್ಲಳು. ಅಂಥಾ ಹಾಲಿನ್ಯಾಗ ಒಂದ ಸಲ ಮಲಗೀನಿ, ಇನ್ನೊಮ್ಮೆ ಮಲಗಂಗಿಲ್ಲ, ಇಲ್ಲೇ ಫುಟ್‌ಪಾತಿನ ಮ್ಯಾಲ ಕುಂಡ್ರತೀನಿ ಅಂದ್ಲಂತ. ಒಂದು ಕೊತಂಬ್ರಿ ಸಿವುಡು ತರಬೇಕಾದ್ರೂ ನನಗ ಎರಡು ಸಲ ಫೋನ್ ಮಾಡೋ ಮನಿಷಾ, ನನ್ನ ಒಂದ ಮಾತು ಕೇಳದ ಐದು ಮಂದೀನ ಗಾಡ್ಯಾಗ ಹಾಕೊಂಡು ಬಂದ್ರು. ನಾ ಬಾಗಲಾ ತಗದು ನಿಂತ್ರ ಒದ್ದಿ ಅರಬಿ, ಕೂಸಿನ ಅಳು, ಹಿಂದ ಈ ಆಯಿ ಮೆಟ್ಟಲ ಕೆಳಗ ನಿಂತು ಬೂಟಿನ್ಯಾಗಿನ ನೀರು ಬಗ್ಗಿ ಚೆಲ್ಲಾಕತ್ತಾಳ, ನನ್ನ ಮನಿ ಹೊಲಸಾಗಬಾರದಂತ. ಕಡಬು ಇನ್ನೂ ಫ್ರಿಜ್ಜಿನ್ಯಾಗ ಇದ್ವು, ಬಿಸಿ ಮಾಡಿ ಕೊಟ್ಟೆ.

ಆಕಿ ನ್ಯೂ ಆರ್ಲಿಯನ್ಸ್‌ದಾಕಿ. 2005ರಾಗ ಕತ್ರಿನಾ ಬಂದಾಗ ಅಲ್ಲಿ ಕಾಲುವಿ ಒಡ್ಡು ಒಡದು ಊರಿನ ನೂರಕ್ಕ 80 ಭಾಗ ನೀರಾಗ ನಿಂತಿತ್ತು. ಅವರೂರಿನ ಸೂಪರ್‌ಡೋಮ್ ಸ್ಟೇಡಿಯಮ್ಮಿನ್ಯಾಗ ಉಳಕೊಂಡೋರನ್ನ ಬಸ್ಸಿನ್ಯಾಗ ತಂದು ಇಲ್ಲಿಯ ಆಸ್ಟ್ರೋಡೋಮ್‌ನ್ಯಾಗ ಇಳಿಸಿದ್ರು, ಸಾವಿರಗಟ್ಟಲೆ ಮಂಚ, ಆ ಸ್ಟೇಡಿಯಮ್ಮಿಗೆ ಬ್ಯಾರೆ ಪಿನ್ ಕೋಡ್ ಕೊಟ್ಟಿದ್ರಂತ ಪತ್ರ ಬರಲಿ ಅಂತ. ಮೂರು ವಾರದಾಗ ರೀಟಾ ಅಂತ ಇನ್ನೊಂದು ಬಂತು, ಈ ಊರಾಗಿಂದನೂ ಮಂದಿ ಓಡಿದ್ರು, 25 ಲಕ್ಷಕ್ಕಿಂತ ಹೆಚ್ಚು ಮಂದಿ ಒಮ್ಮೆಲೆ ರೋಡಿಗಿಳಿದು ಟ್ರಾಫಿಕ್ಕಿನ್ಯಾಗ ಬಿಸಲಿಗೆ ಎಷ್ಟೋ ಜನ ಸತ್ತ್ರು. ಈ ಸಲ ಮೇಯರ್ ಊರು ಬಿಡ್ರಿ ಅಂತ ಹೇಳಲಿಲ್ಲ, ಅದಕ್ಕ ಅದ ಕಾರಣ. ಹೇಳದಿದ್ದಿದ್ದು ಸರಿ ಹೌದೋ ಅಲ್ಲೋ ಅಂತ ಇಲ್ಲೆ ಇನ್ನೂ ಜಗಳ ನಡದೈತಿ, ನನಗಂತೂ ಸರಿ ಅನಸ್ತೈತಿ. ಕತ್ರಿನಾ ಬಡದ ತಾರೀಖೂ ಆಗಸ್ಟ್ 29. ಹನ್ನೆರಡು ವರ್ಷ ಆದ ಮ್ಯಾಲ ಅದ ದಿನ ಆಕೀನ ನೀರಾಗಿಂದ ಎತ್ತಿದ್ದು ಲೂಸಿಯಾನಾದ ಹುಡುಗೂರು. ಎಲ್ಲಿಯವರಪ್ಪಾ ನೀವು ಅಂತ ಕೇಳಿ ಆಕಿ ಬೋಟಿನ್ಯಾಗ ಬಿದ್ದು ಬಿದ್ದು ನಕ್ಕಳಂತ, ತಡಾಗಿ ಬಂದ್ರಿ ಅಂತ.

ಮೂರನೇ ದಿನ ಅಡಗಿಮನಿಗೆ ಬಂದು ನನಗೇನಾರ ಕೆಲಸ ಕೊಡು ಅಂದ್ಲು. ಕುಂಡ್ರಿ, ರೆಸ್ಟ್ ಮಾಡ್ರಿ ಅಂದೆ. ಆಕಿ ಸಿಟ್ಟಿಗೆದ್ಲು. 2005ರಾಗ ಆಸ್ಟ್ರೋಡೋಮಿನಿಂದ ಒಬ್ಬರು ಚರ್ಚಿನ ಮಂದಿ ತಮ್ಮ ಮನಿಗೆ ಕರಕೊಂಡು ಹೋಗಿದ್ರಂತ, ಭಾಳ ಛಲೋ ಮಂದಿ, ಒಂದು ಕಪ್ ತೊಳ್ಯಾಕ ಬಿಡಲಿಲ್ಲ, ತಿಂಗಳಾನಗಟ್ಟಲೆ ಸೋಫಾದ ಮ್ಯಾಲ ಥ್ಯಾಂಕ್ಯೂ ಥ್ಯಾಂಕ್ಯೂ ಅನಕೋತ ಕುಂತಿದ್ದೆ, ಬಾಯಿ ನೋವಾತು ಅಂದ್ಲು. ನಾ ಸುಮ್ಮನ ಬೆಂಡಿಕಾಯಿ ಚಾಕು ಕೈಯಾಗ ಕೊಟ್ಟೆ.

ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲವ್ವಾ. ಚಿಗವ್ವನ ಬಾಗಲಕೋಟಿ ಕಿಲ್ಲಾದ ಮನಿ ಆಲಮಟ್ಟಿ ಹಿನ್ನೀರಿಗೆ ಹೋದಾಗ ಅವರು ಐದೂ ಮಂದಿ ನಮ್ಮನ್ಯಾಗ ಇದ್ರಲ್ಲ, ನವನಗರದ ಮನಿ ಆಗೋತನ. ಚಿಗವ್ವ ಬಂದ ಮರುದಿನಾನ ನೀ ಆಕಿ ಮುಂದ ಹಿಟ್ಟಿನ ಪರಾತ ಇಟ್ಟು, ಇವತ್ತ ರೊಟ್ಟಿ ನಿಂದು, ನನ್ನ ರಟ್ಟಿ ನೋವಾಗೇತಿ ಅಂದಿದ್ದಿ. ಪಾಪ, ಮನಿ ಕಳಕೊಂಡು ಬಂದಾಕಿ ಕಡೆ ರೊಟ್ಟಿ ಬಡಸ್ತಾಳಲ್ಲ ನಮ್ಮವ್ವ ಅಂತ ನಾ ನಿನ್ನ ಮ್ಯಾಲ ಸಿಟ್ಟಾಗಿದ್ದೆ. ನಿನ್ನ ರಟ್ಟಿಗೆ ಏನೂ ಆಗಿದ್ದಿಲ್ಲ ಹೌದಲ್ಲ?

ಮತ್ತ ಅದ ನಾನು ಚಿಗವ್ವನ ಮಗಳು ತಾಟು ಮುಟ್ಟಬಾರದಂತ ಮೊಳಿ ತಗೊಂಡು ಅದರ ಹಿಂದ ನನ್ನ ಹೆಸರು ಕೊರದಿದ್ದೆ. ನಿಮ್ಮೂರಿಗೆ ಯಾವಾಗ ಹೊಕ್ಕೀರಿ ಅಂತ ಕೇಳಿದ್ದೆ ಆಕೀನ. ಚಿಗವ್ವ ಹಿಂದ ನಿಂತು ಕೇಳ್ಯಾಳ, ಒಂದ ಮಾತು ಅನಲಿಲ್ಲ. ಇಲ್ಲೆ ನನ್ನ ಮಗನೂ ತನ್ನ ರೂಮ್ ಹೋತಂತ ಎರಡು ವಾರ ಮಾರಿ ಊದಿಸಿಕೊಂಡಿದ್ದ, ನಾ ಬೈಯ್ಯಾಕ ಬಾಯಿ ತಗದೆ, ಮಾತು ಬರಲಿಲ್ಲ.

ಅಡಗಿ ವಿಷಯ. ನಮ್ಮನ್ಯಾಗ ಮಾಂಸ ಆಗಂಗಿಲ್ಲ ಅಂತ ಹೇಳಾಕ ನನಗ ಸಂಕೋಚ, ಹೇಳಿದ ಮ್ಯಾಲ ಆಕಿ ಡಬ್ಬಿ ಎಲ್ಲಾ ಹುಡುಕಿ ರಾಜಮಾ ತಗದ್ಲು. ಅವರ ಕಡೆ ಸೋಮವಾರ ಕೆಂಪು ಕಾಳು, ಅನ್ನ. ಮೊದಲು ಸೋಮವಾರ ಅರಬಿ ಒಗಿಯೋ ದಿನ, ಒಲಿ ಮ್ಯಾಲ ಕಾಳು ಇಟ್ಟು ಒಗ್ಯಾಕ ಕುಂಡ್ರತಿದ್ರು, ಒಗದು ಮುಗಿಯೋದ್ರಾಗ ಕಾಳು ಬೆಂದಿರ್ತಿತ್ತು. ಕುಕ್ಕರ್ ಕೊಟ್ರ ಬ್ಯಾಡ ಅಂದ್ಲು. ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ, ಸೆಲರಿ ಅನ್ನೋ ಕಾಡಿ ಸಣ್ಣಗ ಹೆಚ್ಚಿ ಹಾಕಿ ನಾಕು ತಾಸು ಕುದಿಸಿ, ಹುಟ್ಟಿನ ಬೆನ್ನಲೆ ಅರ್ಧ ಕಾಳು ಗಂಜಿಗತೆ ಜಜ್ಜಿದ್ಲು. ನಾ ಹಸಿಮೆಣಸಿನಕಾಯಿ ಖಾರ ಮುಂದಿಟ್ಟೆ, ಮೊಮ್ಮಗ ಕಣ್ಣಾಗ ನೀರು ತಗೊಂಡು ಮೂರು ಸಲ ಹಚಗೊಂಡ.

ಎಲ್ಲಾ ಹಿಂಗ ಹಾಲು ಸಕ್ಕರಿ ಇದ್ದಿಲ್ಲ ಮತ್ತ. ಆಕೀಗೆ ಎಸಿ ಫ್ರಿಜ್ಜಿನಂಗ ಬೇಕು, ನನಗ ಥಂಡಿ. ಇದ್ದಿದ್ದು ಎರಡ ಬಚ್ಚಲ. ಆಕಿ ಮಗಳು ಆಸ್ಪತ್ರ್ಯಾಗ ನರ್ಸ್, ನೀರಾಗ ನಾಕು ದಿನ ಅಲ್ಲೇ ಮಲಗಿ ಡ್ಯೂಟಿ ಮಾಡಿ ಆಮ್ಯಾಲೆ ನಮ್ಮನಿಗೆ ಬಂದ್ಲು, ರಾತ್ರಿ ಮೂರಕ್ಕ ಬಾಗಲಾ ಸಪ್ಪಳ. ಹಾಸನದೋರು ಎಂಟು ದಿನಕ್ಕ ಬಾಡಗಿ ಮನಿ ನೋಡಿಕೊಂಡು ಹೋದ್ರು. ಅವರು ನೆರಿ ಇನ್ಶೂರೆನ್ಸ್ ಮಾಡಿಸಿದ್ದಿಲ್ಲ. ಮನಿ ಇನ್ಶೂರೆನ್ಸಿನ್ಯಾಗ ನೆರಿ ಬರಂಗಿಲ್ಲ, ಅದು ಬ್ಯಾರೆ, ಮೋಡ ನೋಡಿ ಮಾಡಸ್ತೀನಿ ಅಂದ್ರ 30 ದಿನ ಕಾಯಬೇಕು.

ನೀರು ಇಳದ ಮ್ಯಾಲ ಅವರ ಮನಿ ಕಿತ್ತಾಕ ನಾವೂ ಹೋಗಿದ್ವಿ. ಇಲ್ಲಿ ಗ್ವಾಡಿ ಅಂದ್ರ ಕಟಿಗಿ ಚೌಕಟ್ಟಿಗೆ ಹೊಡದ ಜಿಪ್ಸಮ್ ಹಲಗಿ, ನೀರು ಹೀರಿದ್ರ ಹಾಲಾಗ ಅದ್ದಿದ ಬ್ರೆಡ್ಡಿನಂಗ ಕೈಯಾಗ ಬರ್ತೈತಿ, ಎರಡು ದಿನ ಬಿಟ್ರ ಬೂಸ್ಟು. ಗುರುತು ಪರಿಚಯ ಇಲ್ಲದ ಹಳದಿ ಟೀ ಶರ್ಟಿನ ಚರ್ಚ್ ಹುಡುಗೂರು ಬಂದು ಸುತ್ತಿಗಿ ತಗೊಂಡು ಸಂಜಿತನ ಒಡದ್ರು. ಓಣಿ ತುಂಬ ಎರಡೂ ಕಡೆ ಗಾದಿ, ಪಿಯಾನೋ, ಫೋಟೋ ಆಲ್ಬಮ್. ಆ ನಾತ ನನ್ನ ಮೂಗಿನ್ಯಾಗಿಂದ ಇನ್ನೂ ಹೋಗಿಲ್ಲ.

ಆಯಿಯ ಅಪಾರ್ಟ್‌ಮೆಂಟ್ ಆಫೀಸಿನೋರು ಮುಳುಗಿದ ಮನಿಗೆ ಸೆಪ್ಟೆಂಬರ್ ಬಾಡಗಿ ಕೇಳಿದ್ರು. ಇವರು ಅಲ್ಲಿ ಹೋಗಿ ಮೆತ್ತಗ ಇಂಗ್ಲಿಷಿನ್ಯಾಗ ಶುರು ಮಾಡಿ ಕಡೀಕ ನಮ್ಮ ಭಾಷ್ಯಾಗ ಬೈದು ಬಂದ್ರಂತ. ಬಾಡಗಿ ಬಿಟ್ರು.

ನಿನ್ನೆ ಹೋಗೋ ಮುಂದ ಉಡಿ ತುಂಬಿದೆ ಆಕೀಗೆ. ಅಕ್ಕಿ, ಕೊಬ್ಬರಿ, ಬಾಳಿಹಣ್ಣು, ನೀ ಕೊಟ್ಟಿದ್ದ ಹಸರು ಖಣ. ಸೆರಗಿಲ್ಲ, ಟೀ ಶರ್ಟಿನ ಅಂಚು ಹಿಡಿ ಅಂದೆ, ಹಿಡದ್ಲು. ಗಂಡ ಹೋಗ್ಯಾನ ಅಂತ ಗೊತ್ತಿತ್ತು ನನಗ, ಆದ್ರೂ ತುಂಬಿದೆ, ನೀ ಬೈಬ್ಯಾಡ. ಇದನ್ನ ಹೊಲಿಸಿ ಹಾಕೋಬೇಕೋ ಗ್ವಾಡಿಗೆ ಹಾಕಬೇಕೋ ಅಂತ ಕೇಳಿದ್ಲು, ನಿನಗ ಹೆಂಗ ಬೇಕು ಹಂಗ ಅಂದೆ. ಹೊಸಾ ಮನಿ ಎರಡನೇ ಮಹಡಿ ಮ್ಯಾಲ ಹಿಡದಾಳ, ಗಟ್ಟಿಗಿತ್ತಿ.

ದಸರಾಕ್ಕ ಫೋನ್ ಮಾಡ್ತೀನಿ. ಚಿಗವ್ವನ ಹೊಸಾ ನಂಬರ್ ಕಳಸಾಕ ಹೇಳು ತಮ್ಮಗ. ಮತ್ತ ಆ ತಾಟು ಅಟ್ಟದ ಮ್ಯಾಲ ಎಲ್ಲರ ಐತೇನು ನೋಡು.

ನಿನ್ನ ಮಗಳು

ತಾ.ಕ: ಹಸರು ಖಣ ಇನ್ನೆರಡು ತಗೊಂಡಿಡು. ಆಕಿ ಮಗಳಿಗೂ ಬೇಕಂತ.